ತಲೆಗೆ ಪೆಟ್ಟು ಬಿದ್ದ ಮೇಲೆ: ಕನ್ಕಷನ್‌ನಿಂದ ಹಂತಹಂತವಾಗಿ ಚೇತರಿಸಿಕೊಳ್ಳುವ ದಾರಿ

ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಗೆ ಹೋದವರಲ್ಲಿ ಹೆಚ್ಚಿನವರು ಕೇಳಿಸಿಕೊಂಡು ಬರುವ ಮಾತು ಒಂದೇ: ‘ಸ್ಕ್ಯಾನ್ ನಾರ್ಮಲ್ ಇದೆ, ರೆಸ್ಟ್ ತಗೊಳ್ಳಿ.’ ನಿಜವಾದ ಫಜೀತಿ ಶುರುವಾಗುವುದು ಮನೆಗೆ ಬಂದ ಮೇಲೆ. ತಲೆ ಭಾರ. ಬೆಳಕು ಚುಚ್ಚುತ್ತದೆ. ಒಂದೇ ಸಾಲನ್ನು ಎಷ್ಟು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ತಲೆ ಜೋರಾಗಿ ಅಲುಗಿ ಮಿದುಳಿನ ಕೆಲಸ ಸ್ವಲ್ಪ ದಿನ ಏರುಪೇರಾಗುವ ಇದಕ್ಕೇ ಕನ್ಕಷನ್ ಅನ್ನುತ್ತಾರೆ. ಬ್ಯಾಂಡೇಜೂ ಇಲ್ಲ, ಹೊಲಿಗೆಯೂ ಇಲ್ಲ, ಹಾಗಾಗಿ ನೋಡಿದವರು ‘ಚೆನ್ನಾಗೇ ಇದ್ದೀಯಲ್ಲ’ ಅಂದುಬಿಡುತ್ತಾರೆ. ರೆಸ್ಟ್ ಅಂದರೆ ಎಷ್ಟು ದಿನ? ಮೊಬೈಲ್ ನೋಡಬಹುದಾ? ಕೆಲಸಕ್ಕೆ ಯಾವಾಗ ಹೋಗುವುದು? ಇದನ್ನೆಲ್ಲ ಬಿಡಿಸಿ ಹೇಳುವವರು ಕಡಿಮೆ.

ಜನ ಇಲ್ಲಿ ಎರಡು ಥರ ಎಡವುತ್ತಾರೆ. ಕೆಲವರು ಮರುದಿನವೇ ಏನೂ ಆಗದವರ ಹಾಗೆ ಎದ್ದು ಓಡಾಡುತ್ತಾರೆ. ಇನ್ನು ಕೆಲವರು ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಬಿಡುತ್ತಾರೆ. ಎರಡರಿಂದಲೂ ಗುಣವಾಗುವುದು ತಡವಾಗುತ್ತದೆ. ಮೊದಲ ಒಂದೆರಡು ದಿನ ಹಗುರವಾಗಿ ಇದ್ದು, ಆಮೇಲೆ ದಿನಾ ಸ್ವಲ್ಪ ಸ್ವಲ್ಪವೇ ಚಟುವಟಿಕೆ ಹೆಚ್ಚಿಸುತ್ತಾ ಹೋಗಬೇಕು. ನಾಲ್ಕು ವಾರ ಕಳೆದರೂ ತೊಂದರೆ ಉಳಿದಿದ್ದರೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಬಹಳ ಸಲ ಕಾರಣ ಸಿಗುತ್ತದೆ, ಅದಕ್ಕೆ ಚಿಕಿತ್ಸೆಯೂ ಇರುತ್ತದೆ.

## ಒಳಗೆ ಏನಾಗಿರುತ್ತದೆ

ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲಿಕೊಂಡಿರುತ್ತದೆ. ತಲೆ ಜೋರಾಗಿ ಅಲುಗಿದಾಗ ಅಥವಾ ಗಿರ್ರನೆ ತಿರುಗಿದಾಗ ಮಿದುಳೂ ಒಳಗೆ ಅಲುಗಿ, ನರತಂತುಗಳು ಎಳೆದಂತಾಗುತ್ತವೆ. ತಲೆಗೇ ಏಟು ಬೀಳಬೇಕು ಅಂತಿಲ್ಲ. ವಾಹನಕ್ಕೆ ಹಿಂದಿನಿಂದ ಗುದ್ದಿದಾಗ ಕತ್ತು ಹಿಂದೆ ಮುಂದೆ ಜೋರಾಗಿ ತೂಗಿದರೂ ಸಾಕು. ಎಳೆತಕ್ಕೆ ಸಿಕ್ಕ ನರಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಮತ್ತೆ ಸರಿಮಾಡಿಕೊಳ್ಳಲು ಕೋಶಗಳಿಗೆ ಗ್ಲೂಕೋಸ್ ಜಾಸ್ತಿ ಬೇಕು. ಆದರೆ ಅದೇ ಹೊತ್ತಿಗೆ ಮಿದುಳಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಬೇಕಾದ ಶಕ್ತಿ ಹೆಚ್ಚು, ಸಿಗುವುದು ಕಡಿಮೆ. ಮೊದಲ ದಿನಗಳ ಸುಸ್ತು, ಮಂಕು ಬಹುಪಾಲು ಇದರಿಂದಲೇ.

ಸಿಟಿ ಸ್ಕ್ಯಾನ್‌ನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಆ ಸ್ಕ್ಯಾನ್ ಮಾಡುವುದು ರಕ್ತಸ್ರಾವ ಆಗಿದೆಯಾ, ಬುರುಡೆ ಬಿರುಕು ಬಿಟ್ಟಿದೆಯಾ ಎಂದು ನೋಡಲು. ಅದು ನಾರ್ಮಲ್ ಬಂದರೆ ಸದ್ಯಕ್ಕೆ ಪ್ರಾಣಕ್ಕೆ ಕುತ್ತಿಲ್ಲ ಅಂತ ಸಮಾಧಾನ ಪಡಬಹುದು, ಪೆಟ್ಟೇ ಆಗಿಲ್ಲ ಅಂತ ಅಲ್ಲ. ಪ್ರಜ್ಞೆ ತಪ್ಪದಿದ್ದರೆ ಕನ್ಕಷನ್ ಅಲ್ಲ ಅನ್ನುವ ನಂಬಿಕೆಯೂ ತಪ್ಪು. ಕನ್ಕಷನ್ ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪಿರುವುದೇ ಇಲ್ಲ.

ಇನ್ನೊಂದು ವಿಷಯ, ಲಕ್ಷಣಗಳು ತಡವಾಗಿಯೂ ಬರುತ್ತವೆ. 2019ರ ಆಗಸ್ಟ್‌ನ ಲಾರ್ಡ್ಸ್ ಟೆಸ್ಟ್ ನೆನಪಿದೆಯಾ? ಇಂಗ್ಲೆಂಡ್‌ನ ಜೋಫ್ರಾ ಆರ್ಚರ್ ಎಸೆದ ಬೌನ್ಸರ್ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕತ್ತಿಗೆ ಬಡಿಯಿತು. ಪರೀಕ್ಷೆ ಮಾಡಿದರು, ಎಲ್ಲ ಸರಿ ಇತ್ತು, ಸ್ವಲ್ಪ ಹೊತ್ತಿಗೆ ಅವರು ವಾಪಸ್ ಬ್ಯಾಟಿಂಗ್‌ಗೂ ಬಂದರು. ಮರುದಿನ ಬೆಳಿಗ್ಗೆ ಏಳುವಾಗ ತಲೆನೋವು, ಮಂಪರು. ಪಂದ್ಯದಿಂದ ಹೊರಗೆ ಕೂರಬೇಕಾಯಿತು, ಸ್ಮಿತ್ ಬದಲಿಗೆ ಮಾರ್ನಸ್ ಲಬುಶೇನ್ ಆಡಿದರು. ಟೆಸ್ಟ್ ಕ್ರಿಕೆಟ್‌ನ ಮೊದಲ ಕನ್ಕಷನ್ ಬದಲಿ ಆಟಗಾರ ಅವರೇ. ಮೈದಾನದ ಪಕ್ಕದಲ್ಲೇ ಡಾಕ್ಟರ್ ಇದ್ದವರ ಕಥೆಯೇ ಹೀಗೆ. ಹಾಗಾಗಿ ಪೆಟ್ಟು ಬಿದ್ದ ದಿನ ‘ನಂಗೇನೂ ಆಗಿಲ್ಲ’ ಅನ್ನಿಸಿದರೂ ಎರಡು ದಿನ ಮೈಮೇಲೆ ಎಚ್ಚರ ಇರಲಿ.

## ಮೊದಲನೆಯದು: ಅಪಾಯದ ಗುರುತುಗಳನ್ನು ನೋಡಿ

ಮುಂದಿನದೆಲ್ಲ ಓದುವ ಮೊದಲು ಇದನ್ನು ಓದಿ. ಕೆಳಗಿನ ಯಾವುದೇ ಒಂದು ಕಂಡರೂ ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ.

- ತಲೆನೋವು ಕಡಿಮೆಯಾಗದೆ ಗಂಟೆಯಿಂದ ಗಂಟೆಗೆ ಏರುತ್ತಲೇ ಇರುವುದು
- ಮತ್ತೆ ಮತ್ತೆ ವಾಂತಿ
- ಫಿಟ್ಸ್ ಬರುವುದು, ಅಥವಾ ಪ್ರಜ್ಞೆ ತಪ್ಪುವುದು
- ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು, ಗೊಂದಲ ಹೆಚ್ಚುತ್ತಾ ಹೋಗುವುದು, ಪರಿಚಯದವರ ಗುರುತು ಸಿಗದಿರುವುದು
- ಮಾತು ತೊದಲುವುದು, ಕೈಕಾಲು ಸೋಲುವುದು ಅಥವಾ ಜೋಮು ಹಿಡಿಯುವುದು
- ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು
- ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಇಲ್ಲವೇ ರಕ್ತ ಬರುವುದು, ಕಿವಿಯ ಹಿಂದೆ ಅಥವಾ ಎರಡೂ ಕಣ್ಣಿನ ಸುತ್ತ ಕಪ್ಪಗಾಗುವುದು
- ಕತ್ತಿನಲ್ಲಿ ತಡೆಯಲಾಗದ ನೋವು (ಆಗ ಕತ್ತನ್ನು ಅಲುಗಿಸಬೇಡಿ)

ಪುಟ್ಟ ಮಕ್ಕಳಾದರೆ ಏನು ಮಾಡಿದರೂ ಅಳು ನಿಲ್ಲದಿರುವುದು, ಹಾಲು ಕುಡಿಯದಿರುವುದೂ ಅಪಾಯದ ಗುರುತೇ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ವಯಸ್ಸಾದವರು, ಕುಡಿದ ಹೊತ್ತಿನಲ್ಲಿ ಬಿದ್ದವರು ಇಂಥ ಲಕ್ಷಣ ಇಲ್ಲದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ವಯಸ್ಸಾದವರಲ್ಲಿ ರಕ್ತ ನಿಧಾನವಾಗಿ ಸೋರಿ, ಎಷ್ಟೋ ದಿನಗಳ ಮೇಲೆ ತೊಂದರೆ ಕಾಣಿಸಿಕೊಳ್ಳುವುದುಂಟು.

## ಮೊದಲ ಎರಡು ದಿನ

ಈ 24ರಿಂದ 48 ಗಂಟೆ ಹಗುರವಾಗಿ ಇರಿ. ಹಾಸಿಗೆ ಬಿಟ್ಟು ಏಳಬಾರದು ಅಂತಲ್ಲ. ಮನೆಯೊಳಗೆ ಓಡಾಡಬಹುದು, ಸ್ನಾನ ಮಾಡಬಹುದು, ಮನೆಯವರ ಜೊತೆ ಮೆಲ್ಲಗೆ ಮಾತಾಡುತ್ತಾ ಕೂರಬಹುದು. ತಲೆಗೆ ಭಾರ ಕೊಡುವ ಕೆಲಸ, ಓಟ, ತೂಕ ಎತ್ತುವುದು, ಗದ್ದಲದ ಜಾಗ, ಇವು ಬೇಡ. ಮೊದಲ ದಿನವಂತೂ ಯಾರಾದರೂ ಜೊತೆಗಿರಬೇಕು.

ಮೊಬೈಲ್ ವಿಷಯಕ್ಕೆ ಬರೋಣ, ಜನ ಹೆಚ್ಚು ಕೇಳುವುದು ಇದನ್ನೇ. 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12ರಿಂದ 25 ವರ್ಷದ 125 ಜನರನ್ನು ಎರಡು ಗುಂಪು ಮಾಡಿದ್ದರು. ಮೊದಲ 48 ಗಂಟೆ ಸ್ಕ್ರೀನ್ ನೋಡಬೇಡಿ ಎಂದು ಒಂದು ಗುಂಪಿಗೆ ಹೇಳಿದರು, ನೋಡಬಹುದು ಎಂದು ಇನ್ನೊಂದಕ್ಕೆ. ಬಿಟ್ಟವರು ಸುಮಾರು ಮೂರೂವರೆ ದಿನಕ್ಕೆ ಸುಧಾರಿಸಿಕೊಂಡರು, ನೋಡಿದವರಿಗೆ ಎಂಟು ದಿನ ಹಿಡಿಯಿತು. ಎರಡು ದಿನ ಫೋನ್ ಬೇರೆಯವರ ಕೈಗೆ ಕೊಡುವುದು ದೊಡ್ಡ ತ್ಯಾಗವೇನಲ್ಲ, ಅಲ್ವಾ? ಆದರೆ ಇದು ಎರಡು ದಿನದ ಮಾತು ಮಾತ್ರ. ತಿಂಗಳುಗಟ್ಟಲೆ ಮುಟ್ಟಲೇಬಾರದು ಅಂತೇನಿಲ್ಲ.

ನಿದ್ದೆ ಬಂದರೆ ಮಲಗಲಿ. ‘ತಲೆಗೆ ಪೆಟ್ಟು ಬಿದ್ದವರನ್ನು ಮಲಗಲು ಬಿಡಬಾರದು, ಗಂಟೆಗೊಮ್ಮೆ ಎಬ್ಬಿಸಬೇಕು’ ಅನ್ನುವುದು ಹಳೆಯ ಮಾತು. ಡಾಕ್ಟರ್ ನೋಡಿ ಮನೆಗೆ ಕಳಿಸಿದ್ದರೆ, ಮೇಲೆ ಹೇಳಿದ ಗುರುತು ಯಾವುದೂ ಇಲ್ಲದಿದ್ದರೆ, ಮಿದುಳು ಚೇತರಿಸಿಕೊಳ್ಳಲು ನಿದ್ದೆಯೇ ಬೇಕು. ರಾತ್ರಿ ಎಬ್ಬಿಸಿ ನೋಡಿ ಎಂದು ಡಾಕ್ಟರೇ ಹೇಳಿದ್ದರೆ ಹಾಗೇ ಮಾಡಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕು, ಅದೂ ಅಳತೆಯಲ್ಲಿ. ಐಬುಪ್ರೊಫೇನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು, ಹಾಗಾಗಿ ಮೊದಲ ಎರಡು ದಿನ ಡಾಕ್ಟರನ್ನು ಕೇಳದೆ ನುಂಗಬೇಡಿ. ಬೇರೆ ಕಾಯಿಲೆಗೆ ಆಸ್ಪಿರಿನ್ ಬರೆದುಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಲೂ ಬೇಡಿ, ಕೇಳಿ. ಮದ್ಯ ಪೂರ್ತಿ ಗುಣವಾಗುವವರೆಗೆ ಬೇಡ. ಗಾಡಿ ಓಡಿಸುವುದೂ ಬೇಡ. ಕನ್ಕಷನ್ ಆದಾಗ ಕೈಕಾಲು ಸ್ಪಂದಿಸುವುದು ಒಂದು ಕ್ಷಣ ತಡವಾಗುತ್ತದೆ, ಅದು ನಮಗೆ ಗೊತ್ತೇ ಆಗುವುದಿಲ್ಲ. ರಸ್ತೆಯಲ್ಲಿ ಆ ಒಂದು ಕ್ಷಣವೇ ಎಲ್ಲ.

## ಮೂರನೇ ದಿನದಿಂದ: ಮೆಲ್ಲಗೆ ಏಳಿ

ಮೊದಲೆಲ್ಲ ‘ಒಂದೂ ಲಕ್ಷಣ ಇಲ್ಲದಂತಾಗುವವರೆಗೆ ಮಲಗಿರಿ’ ಅನ್ನುತ್ತಿದ್ದರು. ಆ ಸಲಹೆ ಈಗ ಬದಲಾಗಿದೆ. ಐದು ದಿನ ಕಟ್ಟುನಿಟ್ಟಾಗಿ ಮಲಗಿದವರನ್ನೂ ಒಂದೆರಡು ದಿನ ವಿಶ್ರಾಂತಿ ತೆಗೆದುಕೊಂಡವರನ್ನೂ ಹೋಲಿಸಿದ 2015ರ ಅಧ್ಯಯನವೊಂದರಲ್ಲಿ, ಹೆಚ್ಚು ಮಲಗಿದವರೇ ಹೆಚ್ಚು ತೊಂದರೆ ಹೇಳಿಕೊಂಡರು. 2022ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಕನ್ಕಷನ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವೂ ಬೇಗ ಹಗುರ ಚಟುವಟಿಕೆ ಶುರುಮಾಡುವುದೇ ಒಳ್ಳೆಯದು ಅಂದಿದೆ. ಕಾಲು ಉಳುಕಿದಾಗ ಎರಡು ದಿನ ಎತ್ತಿಟ್ಟುಕೊಂಡು, ಆಮೇಲೆ ಊರಿ ನಡೆಯಲು ಶುರುಮಾಡುತ್ತೇವಲ್ಲ, ಇದೂ ಹಾಗೆಯೇ.

ಎಷ್ಟು ಮಾಡಬೇಕು ಅನ್ನುವುದಕ್ಕೆ ನಿಮ್ಮ ಲಕ್ಷಣಗಳೇ ಅಳತೆಗೋಲು. ಹೀಗೆ ಮಾಡಿ. ನಡೆಯಲು ಹೊರಡುವ ಮೊದಲು ತೊಂದರೆಗೆ 0ರಿಂದ 10ರೊಳಗೆ ಒಂದು ಅಂಕ ಕೊಡಿ. ತಲೆನೋವು 3 ಇದೆ ಅಂದುಕೊಳ್ಳಿ. ಹತ್ತು ಹದಿನೈದು ನಿಮಿಷ ಸಮತಟ್ಟಾದ ಜಾಗದಲ್ಲಿ ನಡೆಯಿರಿ. ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಂಕ ಹಾಕಿ. 4 ಅಥವಾ 5ಕ್ಕೆ ಏರಿ, ಒಂದು ಗಂಟೆಯೊಳಗೆ ಮತ್ತೆ 3ಕ್ಕೆ ಇಳಿದರೆ ಚಿಂತೆ ಇಲ್ಲ, ನಾಳೆಯೂ ಅಷ್ಟೇ ನಡೆಯಿರಿ ಅಥವಾ ಸ್ವಲ್ಪ ಜಾಸ್ತಿ ಮಾಡಿ. 6ಕ್ಕೆ ಹೋಯಿತಾ? ಅಲ್ಲೇ ನಿಲ್ಲಿಸಿ, ನಾಳೆ ಕಡಿಮೆ ಮಾಡಿ. ಎರಡು ಅಂಕಕ್ಕಿಂತ ಜಾಸ್ತಿ ಏರಬಾರದು, ಏರಿದ್ದು ಗಂಟೆಗಿಂತ ಹೆಚ್ಚು ಉಳಿಯಬಾರದು, ನಿಯಮ ಇಷ್ಟೇ. ನೋವು ಸ್ವಲ್ಪ ಏರಿತು ಅಂದಾಕ್ಷಣ ಮಿದುಳಿಗೆ ಹೊಸದಾಗಿ ಏಟಾಯಿತು ಅಂತ ಹೆದರಬೇಡಿ.

ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಅವರ ತಂಡ ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆ. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಕನ್ಕಷನ್ ಆದ ವಾರದೊಳಗೆ ಅಳತೆ ಮೀರದ ಏರೋಬಿಕ್ ವ್ಯಾಯಾಮ (ನಡಿಗೆ, ಸೈಕಲ್‌ನಂಥ ಎದೆಬಡಿತ ಏರಿಸುವ ವ್ಯಾಯಾಮ) ಶುರುಮಾಡಿದ ಹದಿಹರೆಯದವರು ಸುಮಾರು 13 ದಿನಕ್ಕೆ ಗುಣವಾದರು. ಬರೀ ಸ್ಟ್ರೆಚಿಂಗ್ ಮಾಡಿದವರಿಗೆ 17 ದಿನ ಬೇಕಾಯಿತು. ನಡಿಗೆ ಸುಲಭ ಅನ್ನಿಸತೊಡಗಿದರೆ ನಿಂತಲ್ಲೇ ಇರುವ ಸೈಕಲ್ ತುಳಿಯಬಹುದು. ಎದೆಬಡಿತಕ್ಕೊಂದು ಅಂದಾಜು ಇಟ್ಟುಕೊಳ್ಳಿ: 220ರಿಂದ ನಿಮ್ಮ ವಯಸ್ಸು ಕಳೆಯಿರಿ, ಶುರುವಿನಲ್ಲಿ ಅದರ ಶೇಕಡಾ 55ರೊಳಗೆ ಇರಿ, ಆಮೇಲೆ 70ರವರೆಗೆ ಹೋಗಿ. 30 ವರ್ಷದವರಿಗೆ ಮೊದಲು ನಿಮಿಷಕ್ಕೆ ಸುಮಾರು 105, ಆಮೇಲೆ 133. ಹೃದಯದ ತೊಂದರೆ ಇರುವವರು ಈ ಲೆಕ್ಕ ನೋಡದೆ ಡಾಕ್ಟರನ್ನು ಕೇಳಿ.

ಈ ಹಂತದಲ್ಲಿ ಹಾಳು ಮಾಡುವುದು ‘ಒಳ್ಳೆಯ ದಿನ’. ಒಂದು ದಿನ ತಲೆ ಹಗುರ ಅನ್ನಿಸುತ್ತದೆ. ಬಾಕಿ ಬಿದ್ದ ಕೆಲಸವೆಲ್ಲ ಅವತ್ತೇ ಮುಗಿಸಲು ಹೋಗುತ್ತೀರಿ. ಮರುದಿನದಿಂದ ಮೂರು ದಿನ ಏಳಲಾಗುವುದಿಲ್ಲ. ಒಳ್ಳೆಯ ದಿನವೂ ಅಳತೆಯಷ್ಟೇ ಮಾಡಿ, ಕೆಟ್ಟ ದಿನವೂ ಸ್ವಲ್ಪವಾದರೂ ಮಾಡಿ.

## ಓದು, ಕೆಲಸ, ಆಟ

ಆಟಕ್ಕಿಂತ ಮೊದಲು ಓದು, ಕೆಲಸ. ಮನೆಯಲ್ಲಿ ಅರ್ಧ ಗಂಟೆ ಓದಲು, ಬರೆಯಲು ಆಗುತ್ತದೆ ಅಂದರೆ ಅರ್ಧ ದಿನದ ಮಟ್ಟಿಗೆ ಹೋಗಬಹುದು. ಪೂರ್ತಿ ಗುಣವಾಗಲಿ ಅಂತ ಕಾಯುವುದು ಬೇಡ. ಶಾಲೆಯಲ್ಲಿ, ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿಕೊಳ್ಳಿ: ನಡುನಡುವೆ ಬಿಡುವು, ಪರೀಕ್ಷೆಗೆ ಹೆಚ್ಚು ಸಮಯ, ಸದ್ದಿಲ್ಲದ ಜಾಗ, ಕೆಲವು ದಿನ ಕಡಿಮೆ ಮೀಟಿಂಗ್. ಕಷ್ಟದ ಕೆಲಸವನ್ನು ದಿನದಲ್ಲಿ ತಲೆ ಚುರುಕಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ. ಸುಸ್ತಾದ ಮೇಲೆ ಬಿಡುವು ತೆಗೆದುಕೊಳ್ಳಬೇಡಿ, ಸುಸ್ತಾಗುವ ಮೊದಲೇ ತೆಗೆದುಕೊಳ್ಳಿ.

ಆಟಕ್ಕೆ ಆರು ಹಂತ: ದಿನನಿತ್ಯದ ಓಡಾಟ, ಹಗುರ ಏರೋಬಿಕ್ ವ್ಯಾಯಾಮ, ಒಬ್ಬರೇ ಮಾಡುವ ಆಟದ ಅಭ್ಯಾಸ, ಮೈಗೆ ಮೈ ತಾಗದ ತಂಡದ ಅಭ್ಯಾಸ, ಪೂರ್ತಿ ಅಭ್ಯಾಸ, ಆಮೇಲೆ ಪಂದ್ಯ. ಒಂದೊಂದಕ್ಕೂ ಕನಿಷ್ಠ 24 ಗಂಟೆ. ನಾಲ್ಕನೇ ಹಂತಕ್ಕೆ ಕಾಲಿಡುವ ಮೊದಲು ಮೈಬೆವರಿಳಿಸಿದರೂ ಯಾವ ಲಕ್ಷಣವೂ ಇರಬಾರದು, ಡಾಕ್ಟರೂ ಸರಿ ಅನ್ನಬೇಕು. ಇಲ್ಲಿ ಮಾತ್ರ ರಾಜಿ ಬೇಡ. ಮೊದಲ ಪೆಟ್ಟು ಮಾಯುವ ಮೊದಲೇ ಎರಡನೆಯದು ಬಿದ್ದರೆ ಚೇತರಿಕೆ ಬಹಳ ಉದ್ದವಾಗುತ್ತದೆ. ಅಪರೂಪಕ್ಕೆ, ಅದರಲ್ಲೂ ಹದಿಹರೆಯದವರಲ್ಲಿ, ಮಿದುಳು ದಿಢೀರನೆ ಊದಿಕೊಂಡು ಪ್ರಾಣವೇ ಹೋಗಿರುವುದಿದೆ. ‘ಫೈನಲ್ ಇದೆ, ಒಂದು ಮ್ಯಾಚ್ ಅಷ್ಟೇ’ ಅನ್ನುವ ಕೋಚ್ ಮಾತಿಗೂ, ಮಗುವಿನ ಹಟಕ್ಕೂ ಮಣಿಯಬೇಡಿ.

## ನಾಲ್ಕು ವಾರ ಕಳೆದರೂ ಹೋಗದಿದ್ದರೆ

ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರದ ಆಸುಪಾಸಿನಲ್ಲಿ, ಮಕ್ಕಳು ನಾಲ್ಕು ವಾರದೊಳಗೆ ಸುಧಾರಿಸಿಕೊಳ್ಳುತ್ತಾರೆ. ನಾಲ್ಕು ವಾರ ದಾಟಿದರೂ ಹೋಗದಿದ್ದರೆ ‘ಬಿಡದೆ ಉಳಿದ ಲಕ್ಷಣಗಳು’ ಅಂತ ಕರೆಯುತ್ತಾರೆ. ಮೊದಲಿನಿಂದಲೇ ಮೈಗ್ರೇನ್, ಆತಂಕ, ಖಿನ್ನತೆ ಇದ್ದವರಿಗೆ, ಶುರುವಿನಲ್ಲೇ ಲಕ್ಷಣ ಜೋರಾಗಿದ್ದವರಿಗೆ ಇದು ಹೆಚ್ಚು.

‘ಮಿದುಳು ಇನ್ನೂ ವಾಸಿಯಾಗಿಲ್ಲ’ ಎಂದು ಕೊರಗುತ್ತಾ ಕೂರುವುದರಿಂದ ಪ್ರಯೋಜನ ಇಲ್ಲ. ಪೆಟ್ಟು ಬಿದ್ದದ್ದು ಮಿದುಳಿಗೆ ಮಾತ್ರ ಅಲ್ಲ. ಅದೇ ಹೊಡೆತ ಕತ್ತಿಗೆ ಬಿದ್ದಿದೆ, ಒಳಗಿವಿಗೆ ಬಿದ್ದಿದೆ, ಕಣ್ಣುಗಳ ಹೊಂದಾಣಿಕೆ ತಪ್ಪಿದೆ, ನಿದ್ದೆ ಕೆಟ್ಟಿದೆ, ಮನಸ್ಸು ಕುಗ್ಗಿದೆ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಿ. ಕೆನಡಾದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಚಿಕ್ಕದು, 31 ಜನರದ್ದು. ತಲೆಸುತ್ತು, ಕತ್ತುನೋವು, ತಲೆನೋವು ಬಿಡದೆ ಕಾಡುತ್ತಿದ್ದವರು ಅವರು. ಕತ್ತಿಗೂ ಸಮತೋಲನಕ್ಕೂ ಸೇರಿಸಿ ಫಿಸಿಯೋಥೆರಪಿ ಕೊಟ್ಟ ಗುಂಪಿನಲ್ಲಿ ಎಂಟು ವಾರದೊಳಗೆ ಶೇಕಡಾ 73 ಜನ ಆಟಕ್ಕೆ ಮರಳಲು ಒಪ್ಪಿಗೆ ಪಡೆದರು. ವಿಶ್ರಾಂತಿ, ಮಾಮೂಲಿ ವ್ಯಾಯಾಮದಲ್ಲೇ ಇದ್ದ ಗುಂಪಿನಲ್ಲಿ ಶೇಕಡಾ 7.

ತಲೆಸುತ್ತಿನಿಂದ ಶುರುಮಾಡೋಣ, ಏಕೆಂದರೆ ಸರಿಯಾದ ಕಾರಣ ಸಿಕ್ಕರೆ ಬೇಗ ಗುಣವಾಗುವುದು ಇದೇ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ತಲೆ ಎತ್ತಿ ಮೇಲೆ ನೋಡಿದಾಗ ಕೋಣೆಯೇ ಗಿರಗಿರ ತಿರುಗಿ, ಒಂದು ನಿಮಿಷದೊಳಗೆ ನಿಲ್ಲುತ್ತದಾ? ಒಳಗಿವಿಯಲ್ಲಿರುವ ಕ್ಯಾಲ್ಸಿಯಂನ ಪುಟ್ಟ ಹರಳುಗಳು ಜಾಗ ತಪ್ಪಿರಬಹುದು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅವನ್ನು ಸ್ವಸ್ಥಾನಕ್ಕೆ ಕಳಿಸುವ ಎಪ್ಲಿ ಎಂಬ ವಿಧಾನವಿದೆ. ಗೊತ್ತಿರುವವರು ಮಾಡಿದರೆ ಒಂದೆರಡು ಸಲಕ್ಕೇ ಕಡಿಮೆಯಾಗುವುದುಂಟು. ಕತ್ತು ನೋಯುತ್ತಿದ್ದರೆ ನೀವೇ ಮಾಡಿಕೊಳ್ಳಲು ಹೋಗಬೇಡಿ. ನಡೆಯುವಾಗ ತಲೆ ತಿರುಗಿಸಿದರೆ ತೇಲಿದಂತಾಗುವುದು, ಜನಜಂಗುಳಿಯಲ್ಲಿ ತೂರಾಡಿದಂತಾಗುವುದು ಬೇರೆ. ಅದಕ್ಕೆ ಕಣ್ಣು ಮತ್ತು ಒಳಗಿವಿಯನ್ನು ಮತ್ತೆ ಹೊಂದಿಸುವ ವ್ಯಾಯಾಮ ಬೇಕು. ಗೋಡೆಯ ಮೇಲೆ ಕಣ್ಣಿನ ಎತ್ತರಕ್ಕೆ ಒಂದು ಅಕ್ಷರ ಬರೆದು ಅಂಟಿಸಿ. ನೋಟ ಅದರ ಮೇಲಿಟ್ಟು, ‘ಇಲ್ಲ’ ಅನ್ನುವ ಹಾಗೆ ತಲೆಯನ್ನು ಅತ್ತಿತ್ತ ಸಣ್ಣಗೆ ಆಡಿಸಿ. ಅಕ್ಷರ ಮಸುಕಾಗದಷ್ಟೇ ವೇಗ ಇರಲಿ. ಅರ್ಧ ನಿಮಿಷ ಮಾಡಿ, ನಿಲ್ಲಿಸಿ, ಅಂಕ ಹಾಕಿ. ಇದನ್ನು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಮಾಡಿದರೆ ಒಳ್ಳೆಯದು. ಕೂತಲ್ಲಿಂದ ಎದ್ದಾಗ ಮಾತ್ರ ಕಣ್ಣುಕತ್ತಲೆ ಬರುತ್ತಿದ್ದರೆ ಅದು ಮೂರನೇ ಥರ. ನೀರು ಸಾಕಷ್ಟು ಕುಡಿಯಿರಿ, ಡಾಕ್ಟರ್ ಹತ್ತಿರ ಬಿ.ಪಿ. ಮಲಗಿ ಒಮ್ಮೆ, ನಿಂತು ಒಮ್ಮೆ ನೋಡಿಸಿ.

ತಲೆನೋವಿನಲ್ಲೂ ಬಗೆಗಳಿವೆ. ತಲೆಬುಡದಿಂದ ಹೊರಟು ಕಣ್ಣಿನ ಹಿಂದಕ್ಕೆ ಬರುವ, ಕತ್ತು ತಿರುಗಿಸಿದರೆ ಹೆಚ್ಚುವ ನೋವು ಬಹುಪಾಲು ಕತ್ತಿನದು. ಕತ್ತಿಗೆ ಫಿಸಿಯೋಥೆರಪಿ ಮಾಡಿಸಿ. ಒಂದು ಪಕ್ಕ ಸಿಡಿಯುವ, ವಾಕರಿಕೆ ತರುವ, ಬೆಳಕು ಸದ್ದು ಆಗದಂತೆ ಮಾಡುವ ನೋವು ಮೈಗ್ರೇನ್ ಜಾತಿಯದು. ಅದಕ್ಕೆ ಬೇರೆ ಔಷಧಿ ಇದೆ. ಮೂರನೆಯದು ಮಾತ್ರೆಯಿಂದಲೇ ಬರುವ ತಲೆನೋವು. ನೋವಿನ ಮಾತ್ರೆ ದಿನಾ ನುಂಗುತ್ತಿದ್ದರೆ ಅದೇ ನೋವನ್ನು ಉಳಿಸುತ್ತದೆ. ಮೊದಲ ವಾರ ದಾಟಿದ ಮೇಲೆ ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದೆ ಅಂದರೆ ಡಾಕ್ಟರಿಗೆ ಹೇಳಿ.

ಕಣ್ಣಿಗೆ ಒಂದು ಸಣ್ಣ ಪರೀಕ್ಷೆ. ಪೆನ್ನಿನ ತುದಿಯನ್ನು ತೋಳು ಚಾಚಿದಷ್ಟು ದೂರ ಹಿಡಿದು ನಿಧಾನಕ್ಕೆ ಮೂಗಿನ ಹತ್ತಿರ ತನ್ನಿ. ಸುಮಾರು 6 ಸೆಂಟಿಮೀಟರ್ ಹತ್ತಿರ ಬರುವ ಮೊದಲೇ ಒಂದು ತುದಿ ಎರಡಾಗಿ ಕಂಡರೆ, ಎರಡು ಕಣ್ಣೂ ಹತ್ತಿರದ್ದನ್ನು ಒಟ್ಟಿಗೆ ನೋಡಲು ಒದ್ದಾಡುತ್ತಿರಬಹುದು. ಓದಿದರೆ ತಲೆನೋವು, ಸಾಲು ತಪ್ಪುವುದು ಇದರಿಂದಲೂ ಬರುತ್ತದೆ. ಕಣ್ಣಿನವರಿಗೆ ತೋರಿಸಿ, ಅಕ್ಷರ ಓದಿಸುವುದಷ್ಟೇ ಸಾಲದು, ಇದನ್ನೂ ನೋಡಿ ಎಂದು ಹೇಳಿ. ಸ್ಕ್ರೀನ್ ಮುಂದೆ ಕೂತಾಗ 20 ನಿಮಿಷಕ್ಕೊಮ್ಮೆ 20 ಸೆಕೆಂಡ್ ದೂರ ನೋಡಿ. ಬೆಳಕು ಚುಚ್ಚುತ್ತದೆ ಅಂತ ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡೇ ಇದ್ದರೆ ಕಣ್ಣು ಕತ್ತಲೆಗೆ ಒಗ್ಗಿ, ಬೆಳಕು ಇನ್ನೂ ಜಾಸ್ತಿ ಚುಚ್ಚುತ್ತದೆ. ಬಿಸಿಲಿಗೆ ಹಾಕಿ, ಒಳಗೆ ತೆಗೆಯಿರಿ.

ನಿದ್ದೆಯ ವಿಷಯದಲ್ಲಿ ಮುಖ್ಯವಾದದ್ದು ಏಳುವ ಹೊತ್ತು. ರಾತ್ರಿ ಹೇಗೇ ಕಳೆದರೂ ಒಂದೇ ಹೊತ್ತಿಗೆ ಏಳಿ, ಬೆಳಗಿನ ಬೆಳಕಿಗೆ ಹೋಗಿ. ಮೊದಲ ಕೆಲವು ದಿನ ಹಗಲು ಎಷ್ಟು ಮಲಗಿದರೂ ನಡೆಯುತ್ತದೆ. ಆಮೇಲೆ ಅರ್ಧ ಗಂಟೆಗೆ ಇಳಿಸಿ.

ಮನಸ್ಸಿನ ಮಾತನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ಇದು ಚಿಕ್ಕದಲ್ಲ. ಸುಮ್ಮಸುಮ್ಮನೆ ಸಿಟ್ಟು, ಕಾರಣವಿಲ್ಲದೆ ಅಳು, ‘ನಾನು ಮೊದಲಿನ ಹಾಗೆ ಆಗುವುದೇ ಇಲ್ಲವಾ’ ಅನ್ನುವ ಭಯ, ಎಲ್ಲವೂ ಕನ್ಕಷನ್ ಆದವರಿಗೆ ಬರುತ್ತದೆ. ಇದು ನಾಟಕವಲ್ಲ, ದೌರ್ಬಲ್ಯವೂ ಅಲ್ಲ. ಆತಂಕ, ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ತಲೆನೋವು, ಮರೆವು ಕೂಡ ಕಡಿಮೆಯಾಗುವುದುಂಟು. ಮರೆವಿಗೂ ಏಕಾಗ್ರತೆಗೂ ಸದ್ಯಕ್ಕೆ ಚೀಟಿ, ಅಲಾರಂ ಬಳಸಿ, ಒಂದು ಹೊತ್ತಿಗೆ ಒಂದೇ ಕೆಲಸ ಇಟ್ಟುಕೊಳ್ಳಿ. ಬದುಕುವುದೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯದೆ ಹತ್ತಿರದವರಿಗೂ ಡಾಕ್ಟರಿಗೂ ಹೇಳಿ. ಮನೆಯವರಿಗೆ ಒಂದು ಕೋರಿಕೆ: ‘ಇನ್ನೂ ಹೋಗಿಲ್ವಾ?’ ಎಂದು ದಿನಾ ಕೇಳಬೇಡಿ. ನಡೆಯಲು ಹೊರಟಾಗ ಜೊತೆಗೆ ಹೋಗಿ.

## ಡಾಕ್ಟರ್ ಹತ್ತಿರ ಹೋಗುವಾಗ

ತೋರಿಸಲು ಹೋದಾಗ ಸಿಗುವ ಸಮಯ ಕಡಿಮೆ, ನಿಮ್ಮ ನೆನಪೂ ಸದ್ಯಕ್ಕೆ ಕೈಕೊಡುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಪೆಟ್ಟು ಬಿದ್ದ ದಿನಾಂಕ, ಹೇಗೆ ಬಿತ್ತು, ಹಿಂದೆ ಯಾವಾಗಲಾದರೂ ಬಿದ್ದಿತ್ತಾ. ಈಗ ಹೆಚ್ಚು ಕಾಡುತ್ತಿರುವ ಮೂರು ತೊಂದರೆ, ಒಂದೊಂದೂ ಯಾವಾಗ ಹೆಚ್ಚುತ್ತದೆ, ಏನು ಮಾಡಿದರೆ ಇಳಿಯುತ್ತದೆ. ವಾರದ ಅಂಕಗಳು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ವಾರಕ್ಕೆ ಎಷ್ಟು ದಿನ. ಸುಮ್ನೆ ‘ತಲೆ ಸರಿ ಇಲ್ಲ’ ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ‘ಎಡಕ್ಕೆ ಮಗ್ಗುಲಾದರೆ ಅರ್ಧ ನಿಮಿಷ ತಲೆ ತಿರುಗುತ್ತದೆ, ಓದಲು ಕೂತ ಹತ್ತು ನಿಮಿಷಕ್ಕೆ ಹಣೆ ನೋಯುತ್ತದೆ’ ಎಂದು ಹೇಳಿದರೆ ಎಲ್ಲಿ ಹುಡುಕಬೇಕು ಅಂತ ಅವರಿಗೆ ತಕ್ಷಣ ಹೊಳೆಯುತ್ತದೆ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಡಾಕ್ಟರ್ ಹೇಳಿದ್ದನ್ನು ಅವರು ಬರೆದುಕೊಳ್ಳಲಿ.